ಖಣಿ ಓಣಿಯಲ್ಲಿ ಓಡಿದ್ದು

ಇದನ್ನು ಬರೆಯಲಿಕ್ಕೆ ಕುಳಿತವನು ಆಗಲೇ ನಾಲ್ಕು ಸಲ ಎದ್ದಿದ್ದೇನೆ. ಒಮ್ಮೆ ನೀರು ಕುಡಿಯಲಿಕ್ಕೆ, ಒಮ್ಮೆ ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ನೋಡಲಿಕ್ಕೆ, ಒಮ್ಮೆ ಹಾಕಿದ ಚಿಲಕ ತೆಗೆಯಲಿಕ್ಕೆ, ಇನ್ನೊಮ್ಮೆ ಸುಮ್ಮನೆ. ನಾಲ್ಕನೆಯ ಸಲ ಎದ್ದು ಬಂದಾಗ ಪೆನ್ನಿನ ಟೋಪಿ ಕಾಣಲಿಲ್ಲ. ಅದನ್ನು ಹುಡುಕುತ್ತ ಹೆಂಡತಿಯ ಸೂಜಿದಾರದ ಡಬ್ಬಿಗೆ ಕೈ ಹಾಕಿದರೆ ಸಿಕ್ಕಿದ್ದು ಪ್ಯಾಂಟಿನ ಕ್ಲಿಪ್ಪು. ಸೈಕಲ್ ಹೊಡೆಯುವಾಗ ಪ್ಯಾಂಟಿನ ತುದಿ ಚೈನಿಗೆ ಸಿಗಬಾರದೆಂದು ಕಣಕಾಲಿಗೆ ಹಾಕಿಕೊಳ್ಳುತ್ತಿದ್ದೆವಲ್ಲ, ಆ ಉಕ್ಕಿನ ಬಳೆ. ಒಂದೇ ಒಂದು. ಅದರ ಜೋಡಿ ಎಲ್ಲಿ ಹೋಯಿತೆಂದು ನನಗೆ ಚೆನ್ನಾಗಿ ಗೊತ್ತು, ಮುಂದೆ ಹೇಳುತ್ತೇನೆ.

"ಏನ್ ಹುಡುಕ್ಲಿಕತ್ತೀರಿ?" ಅಂತ ಹೆಂಡತಿ ಒಳಗಿನಿಂದ ಕೇಳಿದಳು.

"ಪೆನ್ನಿನ ಟೋಪಿ."

"ಬಾಯಾಗ ಅದ ನೋಡ್ರಿ."

ಬಾಯಲ್ಲೇ ಇತ್ತು.

ಮೊನ್ನೆ ಪಕ್ಕದ ಮನೆಯ ಮಾಸ್ತರರು ಪೇಪರು ಹಿಡಿದುಕೊಂಡು ಬಂದಿದ್ದರು. ಯಾವುದೋ ದೂರದ ದೇಶದಲ್ಲಿ ಹೊಸ ಆಟ ಶುರುವಾಗಿದೆಯಂತೆ. ಮೊದಲು ಈಸಬೇಕು, ಮೈ ಒರೆಸಿಕೊಳ್ಳದೆ ಸೈಕಲ್ ಹತ್ತಬೇಕು, ಸೈಕಲ್ ಇಳಿದವನೇ ಓಡಬೇಕು. ನಡುವೆ ಕುಂದ್ರುವ ಹಾಗಿಲ್ಲ, ನಿಂದ್ರುವ ಹಾಗಿಲ್ಲ. "ಎಂಥೆಂಥ ಹುಚ್ಚು ಮಂದಿ ಅದಾರ ನೋಡ್ರಿ ಜಗತ್ತಿನ್ಯಾಗ," ಅಂದರು. ನಾನು ಚಾ ಬಸಿಯಿಂದ ತಲೆ ಎತ್ತದೆ, "ಇದನ್ನ ನಾವು ಶಹಾಬಾದದಾಗ ಇಪ್ಪತ್ತು ವರ್ಷದ ಹಿಂದೇ ಮಾಡಿ ಬಿಟ್ಟೀವ್ರಿ," ಅಂದೆ. ಮಾಸ್ತರರು ಬಿದ್ದು ಬಿದ್ದು ನಕ್ಕರು. ನಗಲಿ ಪಾಪ. ಅವರು ಸಾಲಿ ಕಲಿಸುವವರು, ಪುಸ್ತಕದಲ್ಲಿ ಇಲ್ಲದ್ದನ್ನು ನಂಬುವುದಿಲ್ಲ. ಅವರ ಮೇಲಿನ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ ಅಂತ ತಿಳಿಯಿರಿ.

ನಾನು ಹುಟ್ಟಿದ್ದೇ ಕಾಲಿಗೆ ಚಕ್ರ ಕಟ್ಟಿಕೊಂಡು. ಸೇಡಂನಲ್ಲಿ ದರ್ಜಿ ಉಸ್ತಾದರ ಹತ್ತಿರ ನಾಲ್ಕು ತಿಂಗಳು ಇದ್ದೆ. ಕಾಜ ಹೊಲಿಯುವುದು ಕಲಿತೆ, ಗುಂಡಿ ಹಚ್ಚುವುದು ಕಲಿಯುವ ಮೊದಲೇ ಬಿಟ್ಟು ಬಂದೆ. ಚಿತ್ತಾಪುರದ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಕೆಲಸ ಸಿಕ್ಕಿತ್ತು. ತಕ್ಕಡಿಯ ಮುಳ್ಳು ನಿಲ್ಲುವ ತನಕ ಕಾಯುವ ತಾಳ್ಮೆ ಗಿರಾಕಿಗಿತ್ತು, ನನಗಿರಲಿಲ್ಲ. ಮ್ಯಾಟ್ರಿಕ್ಕಿನ ಎಲ್ಲ ಪೇಪರು ಬರೆದು ಕಡೆಯ ಒಂದಕ್ಕೆ ಹೋಗಲಿಲ್ಲ. ಚಿಂಚೋಳಿಗೆ ಒಂದು ನೌಕರಿಗೆಂದು ಹೋದವನು ಹೋದ ಬಸ್ಸಿನಲ್ಲೇ ವಾಪಸ್ಸು ಬಂದೆ. ಯಾಕೆ ಅಂತ ಕೇಳಬೇಡಿ, ನನಗೆ ಈಗಲೂ ಗೊತ್ತಿಲ್ಲ. ಊರವರು ಸುಮ್ಮನಿರುತ್ತಾರೆಯೇ? "ಅರ್ಧ ಮಲ್ಲಪ್ಪ" ಅಂತ ಹೆಸರಿಟ್ಟರು. ಹೆಸರು ಮಾತ್ರ ಪೂರಾ ಅಂಟಿಕೊಂಡಿತು.

ನನ್ನನ್ನು ಸಾಕಿದವಳು ಚಿಗವ್ವ, ಅಂದರೆ ಅವ್ವನ ತಂಗಿ. ನನಗೆ ಮೂರು ತುಂಬುವ ಮೊದಲೇ ಅವ್ವ ತೀರಿಕೊಂಡಳಂತೆ. ಚಿಗವ್ವನಿಗೆ ಒಬ್ಬನೇ ಮಗ, ಬಸಣ್ಣ, ನನಗಿಂತ ಎರಡು ವರ್ಷ ಸಣ್ಣವ. ಅವನು ಕುಂತರೆ ಕುಂತ, ನಿಂತರೆ ನಿಂತ. ದೊಡ್ಡವನಾದ ಮೇಲೆ ಅಪ್ಪನ ಹಾಗೇ ಫರ್ಸಿ ಕಲ್ಲಿನ ಖಣಿಗೆ ಹೋದ. ನಮ್ಮ ಶಹಾಬಾದದ ಕಲ್ಲು ನೆಲದೊಳಗೆ ಹಾಳೆ ಹಾಳೆಯಾಗಿ ಮಲಗಿರುತ್ತದೆ. ಅದನ್ನು ಹಾರೆಯಿಂದ ಮೆಲ್ಲಗೆ ಬಡಿದು, ಕಿವಿಗೊಟ್ಟು ಕೇಳಿ, ಮತ್ತೆ ಬಡಿದು, ಹಾಳೆ ತಾನಾಗಿ ಬಿಡುವ ತನಕ ಕಾಯಬೇಕು. ಅವಸರ ಮಾಡಿದಿರೋ, ಕಟ್ಟನೆ ಒಡೆದು ಎರಡಾಗುತ್ತದೆ. ನಾನೂ ಒಂದು ದಿನ ಖಣಿಗೆ ಹೋಗಿದ್ದೆ. ಮಧ್ಯಾಹ್ನದೊಳಗೆ ಮೂರು ಹಾಳೆ ಒಡೆದೆ. ಕೆಲಸ ನೋಡಿಕೊಳ್ಳುವ ಮುಕದ್ದಮರು ಬೈಯಲಿಲ್ಲ, ಕೈ ಮುಗಿದರು. "ತಮ್ಮಾ, ನೀ ಮನಿಗಿ ಹೋಗಿ ಉಂಡು ಮಲ್ಕೊ," ಅಂದರು.

"ಹತ್ತು ಕಟ್ಟೂದಕ್ಕಿಂತ ಒಂದು ಮುತ್ತು ಕಟ್ಟಪಾ," ಅಂತ ಚಿಗವ್ವ ದಿನಾ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಅವಳ ತಲೆ ನರೆಯಿತು, ನನಗೆ ಇಪ್ಪತ್ತಾರು ತುಂಬಿತು.

ನಮ್ಮ ಮನೆ ಇದ್ದದ್ದು ಖಣಿ ಓಣಿಯಲ್ಲಿ. ಗೋಡೆ ಫರ್ಸಿ, ಮಾಳಿಗೆ ಫರ್ಸಿ, ನೆಲ ಫರ್ಸಿ, ಬಚ್ಚಲ ಫರ್ಸಿ. ಬ್ಯಾಸಿಗೆಯಲ್ಲಿ ಮನೆಯೊಳಗೆ ರೊಟ್ಟಿ ಬೇಯಿಸಲಿಕ್ಕೆ ಒಲೆಯೇ ಬೇಡ ಅಂತ ನಾವು ನಗುತ್ತಿದ್ದೆವು. ಓಣಿಯ ಒಂದು ತುದಿಯಲ್ಲಿ ಖಣಿಗಳು, ಇನ್ನೊಂದು ತುದಿಯಲ್ಲಿ ಊರು. ಈ ಓಣಿಗೆ ಒಂದು ಕಟ್ಟಳೆ ಇತ್ತು. ಹಿಂದೂ ಮನೆ, ಮುಸಲ್ಮಾನರ ಮನೆ ಅನ್ನದೆ ಎಲ್ಲರೂ ಪಾಲಿಸುತ್ತಿದ್ದರು. ಖಣಿಯ ಕಡೆಯಿಂದ ಯಾರೂ ಓಡಿ ಬರಬಾರದು. ಅಕಸ್ಮಾತ್ ಓಡಲೇಬೇಕಾಯಿತು, ಆಡು ತಪ್ಪಿಸಿಕೊಂಡಿದೆ, ರೈಲು ಹೊರಟಿದೆ, ಆಗ ಓಣಿಯ ಬಾಯಿಯಿಂದಲೇ "ಖೈರ್! ಖೈರ್!" ಅಂತ ಕೂಗುತ್ತ ಓಡಬೇಕು. ಎಲ್ಲರೂ ಕ್ಷೇಮ, ನಾನು ನನ್ನ ಕೆಲಸಕ್ಕೆ ಓಡುತ್ತಿದ್ದೇನೆ ಅಂತ ಅದರ ಅರ್ಥ. ಕೂಗದೆ ಓಡುವವನು ಒಬ್ಬನೇ. ಖಣಿಯಲ್ಲಿ ಕಲ್ಲು ಬಿದ್ದಿದೆ ಅಂತ ಹೇಳಲು ಬರುವವನು.

ನಾನು ಏಳನೇತ್ತೆ ಪಾಸಾದ ದಿನ ಖಣಿಯಲ್ಲಿದ್ದ ಪರಿಚಯದವರಿಗೆಲ್ಲ ಹೇಳಿ, ಖುಷಿಗೆ ಮನೆಗೆ ಓಡಿ ಬಂದೆ. ಚಿಗವ್ವ ಮೊದಲು ಕಪಾಳಕ್ಕೆ ಒಂದು ಕೊಟ್ಟಳು, ಆಮೇಲೆ ಬಾಯಿಗೆ ಬೆಲ್ಲ ಹಾಕಿದಳು. "ಖೈರ್ ಅನಬೇಕಿಲ್ಲೋ ಮೂಳಾ!" ಅಂದಳು. ಕೆನ್ನೆ ಉರಿಯುತ್ತಿತ್ತು, ಬಾಯಿ ಸಿಹಿಯಾಗಿತ್ತು.

ಹೊಡೆಯದೆ ಏನು ಮಾಡಿಯಾಳು? ನನಗೆ ಒಂಬತ್ತು ವರ್ಷ ಇದ್ದಾಗ ಕಾಕಾ, ಅಂದರೆ ಬಸಣ್ಣನ ಅಪ್ಪ, ಖಣಿಗೆ ಹೋದವರು ತಿರುಗಿ ಬರಲಿಲ್ಲ. ಆ ಹೊತ್ತು ಚಿಗವ್ವ ಜೋಳ ಹಸನು ಮಾಡುತ್ತಿದ್ದಳು. ಓಣಿಯ ತುದಿಯಲ್ಲಿ ಕಾಲಿನ ಸಪ್ಪಳ ಕೇಳಿತು, ಕೂಗಿಲ್ಲ. ಎಲ್ಲ ಬಾಗಿಲುಗಳಿಂದ ಹೆಂಗಸರು ಹೊರಗೆ ಬಂದರು. ಏನಾಯಿತು ಅಂತ ಒಬ್ಬಳೂ ಕೇಳಲಿಲ್ಲ. ಆ ಓಣಿಯಲ್ಲಿ ಏನು ಅಂತ ಕೇಳುವ ಪದ್ಧತಿಯೇ ಇಲ್ಲ, ಎಲ್ಲರೂ ಕೇಳುವುದು ಒಂದೇ ಮಾತು: "ಯಾರು?" ಓಡಿ ಬಂದವನು ಒಂದೊಂದೇ ಮನೆ ದಾಟಿ ನಮ್ಮ ಬಾಗಿಲಿಗೆ ಬಂದು ನಿಂತ. ಚಿಗವ್ವನೂ ಕೇಳಿದಳು. ಅವನು ಹೆಸರು ಹೇಳಲಿಲ್ಲ, ಅವಳ ಕಾಲ ಮುಂದೆ ಕುಸಿದು ಕುಳಿತ. ಇದನ್ನು ಬರೆಯುವಾಗ ಮತ್ತೆ ಎದ್ದು ಹೋಗಿ ಬಂದೆ. ಈ ಸಲ ನೀರಿಗಲ್ಲ.

ಇರಲಿ. ಈಗ ಸಾಹೇಬರ ಸುದ್ದಿಗೆ ಬರೋಣ.

ರಾಜ್ಯ ಒಂದಾದ ಮೇಲೆ ನಮ್ಮ ಕಡೆಗೆ ಮೈಸೂರು ಸೀಮೆಯ ನೌಕರದಾರರು ಬರತೊಡಗಿದ್ದರು. ಹಾಗೆ ಬಂದವರಲ್ಲಿ ಒಬ್ಬರು ಎಂಜಿನಿಯರ್ ಸಾಹೇಬರು. ಮೀಸೆ ದಪ್ಪ, ಮಾತು ಮೆತ್ತಗೆ. ಬೆಳಗಾದರೆ ಚಡ್ಡಿ ಹಾಕಿಕೊಂಡು ಬಂಗ್ಲೆಯ ಅಂಗಳದಲ್ಲಿ ಜಿಗಿಯುತ್ತಿದ್ದರು. ಮೊದಮೊದಲು ಹಾದಿಯ ಮಂದಿ, ಸಾಹೇಬರಿಗೆ ಚೇಳು ಕಡಿದಿರಬೇಕು ಅಂದುಕೊಂಡು ನಿಂತು ನೋಡುತ್ತಿದ್ದರು. ಈ ಊರಿನ ತರುಣರು ಚಾ ಅಂಗಡಿಯಲ್ಲಿ ಕುಳಿತು ಕೆಡುತ್ತಿದ್ದಾರೆ ಅಂತ ಅವರಿಗೆ ಬಹಳ ಸಂಕಟ. ಒಂದು ದಿನ ಅವರ ತಲೆಯಲ್ಲಿ ಹೊಳೆಯಿತು: ಈಸು, ಸೈಕಲ್ಲು, ಓಟ ಮೂರನ್ನೂ ಕೂಡಿಸಿ ಒಂದೇ ಸ್ಪರ್ಧೆ ಮಾಡಿದರೆ ಹೇಗೆ? ಅದಕ್ಕೆ "ತ್ರಿವಿಧ ಸ್ಪರ್ಧೆ" ಅಂತ ಹೆಸರಿಟ್ಟು ಬಜಾರದಲ್ಲಿ ಡಂಗುರ ಹೊಡೆಸಿದರು. ಬಜಾರದವರು ಸಂಜೆಯೊಳಗೆ ಅದನ್ನು "ತೀನ್ ಪತ್ತಿ" ಮಾಡಿ ಮುಗಿಸಿದರು.

ನಾನು ಮೊದಲ ದಿನವೇ ಹೆಸರು ಕೊಟ್ಟೆ. ಕೊಡದೆ? ಒಂದು ಆಟದಲ್ಲಿ ಬೇಸರ ಬರುವುದರೊಳಗೆ ಇನ್ನೊಂದು ಆಟ ಶುರುವಾಗುತ್ತದೆ. ಇದು ನನಗಾಗಿಯೇ ಮಾಡಿದ ಸ್ಪರ್ಧೆ ಅನಿಸಿತು. ನನ್ನ ಹಿಂದೆಯೇ ಮಹಬೂಬನೂ ಹೆಸರು ಕೊಟ್ಟ. ಅವನದು ಬಜಾರದಲ್ಲಿ ಸೈಕಲ್ ಅಂಗಡಿ, ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದ. ಸಣ್ಣಂದಿನಿಂದ ಗೆಳೆಯ. ಇದ್ದದ್ದರಲ್ಲಿ ಚಲೋ ಸೈಕಲ್ಲು ತಾನಿಟ್ಟುಕೊಂಡು, ಚೈನು ಬೀಳುವುದನ್ನು ನನಗೆ ಕೊಟ್ಟು, "ದೋಸ್ತಿ ಬ್ಯಾರೆ, ರೇಸು ಬ್ಯಾರೆ," ಅಂದ. ಒಟ್ಟು ಹನ್ನೊಂದು ಮಂದಿ ಆದೆವು. ಕಡೆಯವರು ಸಾಲಿಯ ಡ್ರಿಲ್ ಮಾಸ್ತರರು. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು, ಆದರೆ ಸೀಟಿ ಅವರದೇ ಆದ್ದರಿಂದ ಬೇಡ ಅನ್ನುವಂತಿರಲಿಲ್ಲ.

ಸಾಹೇಬರು ನಮ್ಮನ್ನು ಕರೆಸಿ ಮೇಜಿನ ಮೇಲೆ ನಕ್ಷೆ ಹಾಸಿದರು. ನೀರು ತುಂಬಿದ ಹಾಳು ಖಣಿಯಲ್ಲಿ ಈ ದಂಡೆಯಿಂದ ಆ ದಂಡೆಗೆ ಈಸು. ಅಲ್ಲಿಂದ ಸೈಕಲ್ಲಿನ ಮೇಲೆ ವಾಡಿ ರಸ್ತೆಯ ರೈಲ್ವೆ ಗೇಟು ದಾಟಿ, ದೊಡ್ಡ ಬೇವಿನ ಗಿಡ ಸುತ್ತಿ, ಮತ್ತೆ ಹಾಳು ಖಣಿಗೆ. ಅಲ್ಲಿಂದ ಓಟ, ಸಾಲಿಯ ಮೈದಾನದ ತನಕ. ಓಟದ ಗೆರೆಯನ್ನು ಕೆಂಪು ಪೆನ್ಸಿಲಿನಲ್ಲಿ ನೆಟ್ಟಗೆ ಎಳೆದಿದ್ದರು. ಅದು ಖಣಿ ಓಣಿಯ ನಡುವೆಯೇ ಹಾದುಹೋಗಿತ್ತು.

"ಈ ದಾರಿಯಲ್ಲಿ ಯಾರಿಗಾದರೂ ಏನಾದರೂ ತೊಂದರೆ ಇದೆಯೇ?" ಅಂತ ಸಾಹೇಬರು ಕೇಳಿದರು.

ಹನ್ನೊಂದು ಮಂದಿಯಲ್ಲಿ ಖಣಿ ಓಣಿಯವನು ನಾನೊಬ್ಬನೇ. ಇನ್ನೊಂದು ದಾರಿ ಬಜಾರದ ಮೇಲಿತ್ತು, ಸುತ್ತು. ಅಲ್ಲಿ ಬಂಡಿ, ಎಮ್ಮೆ, ಪರಿಚಯದ ಮಂದಿ, "ಬರ್ರಿ, ಚಾ ಕುಡೀರಿ" ಎಲ್ಲ ಇತ್ತು. ಓಣಿಯೋ ಇಳಿಜಾರು. ಎಲ್ಲಿ ಕಲ್ಲು ಎದ್ದಿದೆ, ಎಲ್ಲಿ ಬಚ್ಚಲ ನೀರು ಹರಿಯುತ್ತದೆ, ಕಣ್ಣು ಮುಚ್ಚಿ ಹೇಳಬಲ್ಲೆ. ಸ್ಪರ್ಧೆ ಇಟ್ಟದ್ದು ರವಿವಾರ, ಖಣಿಗೆ ಸೂಟಿ ಇರುತ್ತಿದ್ದುದು ಸಂತೆಯ ದಿನ. ಅಂದರೆ ಅವತ್ತು ಗಂಡಸರೆಲ್ಲ ಕೆಳಗೆ ಕೆಲಸದಲ್ಲಿರುತ್ತಾರೆ. ಇದೂ ನನಗೆ ಗೊತ್ತಿತ್ತು. ಬಾಯಿ ತೆರೆದರೆ ಸಾಹೇಬರು ಗೆರೆ ಅಳಿಸಿ ಬೇರೆ ಎಳೆಯುತ್ತಿದ್ದರು, ಅಷ್ಟೇ. ನಾನು ಬಾಯಿ ತೆರೆಯಲಿಲ್ಲ. ಓಡುವಾಗ ಖೈರ್ ಅಂತ ಕೂಗಿದರಾಯಿತು, ಅದಕ್ಕೇನು ಸುಂಕ ಕಟ್ಟಬೇಕೇ, ಅಂದುಕೊಂಡೆ.

ಹಿಂದಿನ ದಿನ ಚಿಗವ್ವ ನನ್ನ ಮುಂದೆ ಕುಳಿತು ಗಂಭೀರವಾಗಿ ಹೇಳಿದಳು. "ಮಲ್ಲ್ಯಾ, ಗೆಲ್ಲು ಅಂತ ನಾ ಅನ್ನಂಗಿಲ್ಲ. ಸೋತ್ರೂ ಅಡ್ಡಿಯಿಲ್ಲ. ಆದ್ರ ಇದೊಂದರ ಕಡೀತನ ಮಾಡಿ ಬಾ. ನಡಕ ಬಿಟ್ಟು ಬಂದ್ಯೋ, ಈ ಮಂದಿಗಿ ಮಾರಿ ತೋರ್ಸೂದು ನನ್ನಿಂದ ಆಗಂಗಿಲ್ಲ." ಆಮೇಲೆ ಕೇಳಿದಳು, "ಎಲ್ಲಿಂದ ಎಲ್ಲಿ ತನಕ ಓಡೂದು?"

"ಹಾಳು ಖಣಿಯಿಂದ ಸಾಲಿ ತನಕ," ಅಂದೆ. ಯಾವ ಹಾದಿಯಿಂದ ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ರವಿವಾರ ಬೆಳಿಗ್ಗೆ ಹನ್ನೊಂದು ಮಂದಿ ಚಡ್ಡಿಯ ಮೇಲೆ ಹಾಳು ಖಣಿಯ ದಂಡೆಯಲ್ಲಿ ನಿಂತೆವು. ಸಾಹೇಬರು ನಮಗೆ ಈಸು ಬರುತ್ತದೋ ಇಲ್ಲವೋ ಅಂತ ಮೊದಲೇ ಪರೀಕ್ಷೆ ಮಾಡಿದ್ದರು, ಎಲ್ಲರಿಗೂ ಬರುತ್ತಿತ್ತು. ಆದರೆ ಅವರಿಗೆ ಗೊತ್ತಿರದ ಒಂದು ಸಂಗತಿ ಇತ್ತು. ನಾವೆಲ್ಲ ಈಸು ಕಲಿತದ್ದು ಹೊಲದ ಭಾವಿಗಳಲ್ಲಿ. ಬೆನ್ನಿಗೆ ಬೆಂಡು ಕಟ್ಟಿ ಮೇಲಿನಿಂದ ನೂಕುತ್ತಿದ್ದರು, ನಾವು ಗೋಡೆಯ ಗುಂಟ ಸುತ್ತುತ್ತಿದ್ದೆವು. ಭಾವಿ ದುಂಡಗಿರುತ್ತದಲ್ಲ? ನೆಟ್ಟಗೆ ಈಸುವುದು ಅಂದರೇನು ಅಂತ ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಸೀಟಿ ಊದಿದ ಕೂಡಲೇ ದಬದಬ ಜಿಗಿದೆವು, ಹತ್ತು ಮಾರು ಹೋಗುವುದರೊಳಗೆ ಎಲ್ಲರೂ ಎಡಕ್ಕೆ ತಿರುಗಿದೆವು. ಇಬ್ಬರ ತಲೆಗೆ ತಲೆ ಡಿಕ್ಕಿಯಾಯಿತು. ಒಬ್ಬನಂತೂ ಪೂರಾ ಸುತ್ತು ಹೊಡೆದು ಜಿಗಿದ ಜಾಗಕ್ಕೇ ಬಂದು, ಗೆದ್ದೆನೆಂದು ಕೈ ಎತ್ತಿದ. ದಂಡೆಯ ಮೇಲೆ ಸಾಹೇಬರು "ನೇರ! ನೇರವಾಗಿ ಬನ್ನಿ!" ಅಂತ ಗಂಟಲು ಹರಿದುಕೊಳ್ಳುತ್ತಿದ್ದರು. ನಾನು ಎಡಗಡೆಯ ಗೋಡೆಗೆ ಹಾಯ್ದು, ಅದರ ಗುಂಟ ಜಾರುತ್ತ ಆ ದಂಡೆ ಮುಟ್ಟಿದೆ. ಐದನೆಯವನೋ ಆರನೆಯವನೋ.

ಇಲ್ಲಿ ಕ್ಲಿಪ್ಪಿನ ಕಥೆ ಬರುತ್ತದೆ. ಚಡ್ಡಿಯ ಮೇಲೇ ಸೈಕಲ್ ಹತ್ತಿರಿ ಅಂತ ಸಾಹೇಬರು ಹೇಳಿದ್ದರು. ಹೇಳಲಿಕ್ಕೆ ಅವರಿಗೇನು? ವಾಡಿ ರಸ್ತೆಯಲ್ಲಿ ಚಿಗವ್ವನ ಕಡೆಯ ಬೀಗರ ಹೊಲ ಇತ್ತು. ಇಪ್ಪತ್ತಾರು ವರ್ಷದ ಗಂಡು, ಇನ್ನೂ ಮದುವೆ ಆಗಬೇಕಾದವನು, ಚಡ್ಡಿಯ ಮೇಲೆ ಬೀಗರ ಹೊಲದ ಮುಂದೆ ಹೋಗುವುದೇ? ಹಸಿ ಚಡ್ಡಿಯ ಮೇಲೆ ಪ್ಯಾಂಟು ಏರಿಸಿದೆ. ಅದು ತೊಡೆಗೆ ಅಂಟಿಕೊಂಡು ಮೇಲೂ ಬಾರದು, ಕೆಳಗೂ ಇಳಿಯದು. ಒಂಟಿ ಕಾಲಲ್ಲಿ ಕುಣಿಯುತ್ತ ಬಲಗಾಲಿಗೆ ಒಂದು ಕ್ಲಿಪ್ಪು ಹಾಕಿದೆ. ಇನ್ನೊಂದು ಕೈಯಿಂದ ಚಿಮ್ಮಿ ಖಣಿಯ ನೀರಿಗೆ ಬಿತ್ತು. ಅಂಗಿ ಹಾಕಿಕೊಳ್ಳುವಷ್ಟು ತಾಳ್ಮೆ ಉಳಿದಿರಲಿಲ್ಲ, ಬರಿ ಮೈಯಲ್ಲೇ ಸೈಕಲ್ ಹತ್ತಿದೆ.

ಚೈನು ಎರಡು ಸಲ ಬಿತ್ತು. ಮಹಬೂಬನನ್ನು ಮನಸ್ಸಿನಲ್ಲೇ ಬೈಯುತ್ತ, ಬೇವಿನ ಗಿಡ ಸುತ್ತಿ ತಿರುಗಿ ಬರುವಾಗ ನೋಡುತ್ತೇನೆ, ನನ್ನ ಮುಂದಿದ್ದ ಸೈಕಲ್ಲುಗಳೆಲ್ಲ ಸಾಲಾಗಿ ನಿಂತಿವೆ. ರೈಲ್ವೆ ಗೇಟು ಬಿದ್ದಿತ್ತು! ಗೂಡ್ಸ್ ಗಾಡಿ ಬರುವುದಿತ್ತು. ಮುಂದಿನವರು ಗೇಟ್‌ಮನ್ನನ ಕಟ್ಟೆಯ ಮೇಲೆ ಆರಾಮಾಗಿ ಕುಳಿತಿದ್ದರು, ಮಹಬೂಬ ಬೀಡಿ ಹಚ್ಚಿದ್ದ. ಗೇಟ್‌ಮನ್ನ ಚಾ ಕಾಸುತ್ತಿದ್ದ. ಹಿಂದಿದ್ದ ಡ್ರಿಲ್ ಮಾಸ್ತರರೂ ಬಂದು ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, "ನನಗೊಂದು ಕಪ್ಪು," ಅಂದರು. ರೇಸು ನಡೆದಿದೆ ಅನ್ನುವುದನ್ನೇ ಎಲ್ಲರೂ ಮರೆತಂತಿತ್ತು.

ನನಗೆ ಕಾಯಲಿಕ್ಕೆ ಬರುತ್ತದೆಯೇ? ಆ ಕಡೆ ಈ ಕಡೆ ನೋಡಿದೆ. ಗಾಡಿ ಇನ್ನೂ ದೂರದಲ್ಲಿ ಹೊಗೆಯಾಗಿತ್ತು. ಸೈಕಲ್ಲು ಹೆಗಲಿಗೇರಿಸಿ, ಗೇಟಿನ ಕೆಳಗೆ ತಲೆ ತೂರಿಸಿ, ಹಳಿ ದಾಟಿಬಿಟ್ಟೆ. "ಏ, ಸಾಯ್ತೀ ಏನೋ ಹುಚ್ಚಪ್ಯಾಲಿ!" ಅಂತ ಗೇಟ್‌ಮನ್ನ ಚಾದ ಸವಟು ಹಿಡಿದು ಬೆನ್ನಟ್ಟಿ ಬಂದ. ನಾನು ಆಗಲೇ ಆ ಕಡೆ ಇದ್ದೆ. ಹುಟ್ಟಿದಾಗಿನಿಂದ ಬೈಸಿಕೊಂಡ ನನ್ನ ಗಡಿಬಿಡಿ ಒಮ್ಮೆಯಾದರೂ ಉಪಯೋಗಕ್ಕೆ ಬಂತು ಅಂತ ಬಹಳ ಖುಷಿಯಾಯಿತು. ಹಿಂದೆ ಗೂಡ್ಸ್ ಗಾಡಿ ಮುಗಿಯದ ಹಾಗೆ ಹೋಗುತ್ತಿತ್ತು. ಹಾಳು ಖಣಿಯಲ್ಲಿ ಸೈಕಲ್ಲು ಬಿಸಾಡಿ ಓಟ ಶುರು ಮಾಡಿದಾಗ ನನ್ನ ಮುಂದೆ ಒಬ್ಬರೂ ಇರಲಿಲ್ಲ. ಅರ್ಧ ಮಲ್ಲಪ್ಪ ಪೂರಾ ಆಗುವ ದಿನ ಬಂತು ಅಂದುಕೊಂಡೆ.

ಸೈಕಲ್ ಇಳಿದು ಓಡಿ ನೋಡಿದ್ದೀರಾ? ಕಾಲು ನಮ್ಮವಲ್ಲ ಅನಿಸುತ್ತದೆ. ಮೊಣಕಾಲು ಮಡಚುವುದಿಲ್ಲ, ಎದೆ ಕಮ್ಮಾರನ ತಿದಿಯ ಹಾಗೆ ಎದ್ದು ಬೀಳುತ್ತದೆ. ಅಷ್ಟರಲ್ಲಿ ಹಿಂದೆ ಯಾರೋ ಬರುವ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಮಹಬೂಬ. ಬೀಡಿ ಸೇದುವವನಿಗೆ ಇಷ್ಟು ದಮ್ಮು ಎಲ್ಲಿಂದ ಬಂತೋ, ನೂರು ಹೆಜ್ಜೆಯ ಅಂತರ ಐವತ್ತಕ್ಕೆ ಬಂದಿತ್ತು. ನಾನು ಓಣಿಯ ಬಾಯಿಗೆ ಬಂದೆ.

ಕೂಗಬೇಕಿತ್ತು. ಬಾಯಿ ತೆರೆದದ್ದೂ ನಿಜ. ಆದರೆ ಉಸಿರು ಒಳಗೆ ಹೋಗಲಿಕ್ಕೇ ಜಾಗ ಸಾಲುತ್ತಿರಲಿಲ್ಲ, ಮಾತಿಗೆ ಎಲ್ಲಿಂದ ತರಲಿ? ಒಂದು ಖೈರ್ ಅನ್ನಲಿಕ್ಕೆ ಎಷ್ಟು ಉಸಿರು ಬೇಕಾಗುತ್ತದೆ? ಒಂದು ಅಂದರೆ ಸಾಲದು, ಓಣಿಯುದ್ದಕ್ಕೂ ಅನ್ನಬೇಕು. ಅಷ್ಟರಲ್ಲಿ ಮಹಬೂಬ ಮುಂದೆ ಹೋಗುತ್ತಾನೆ. ಮುಂದಿನ ಮನೆ ಬರಲಿ, ಕೂಗುತ್ತೇನೆ ಅಂದುಕೊಂಡೆ. ಮುಂದಿನ ಮನೆ ಬಂತು. ಅದರ ಮುಂದಿನದು ಬರಲಿ ಅಂದುಕೊಂಡೆ. ತೊಯ್ದ ತಲೆ, ಬರಿ ಮೈ, ಮಣ್ಣಾದ ಪ್ಯಾಂಟು, ಖಣಿಯ ಕಡೆಯಿಂದ ಬಾಯಿ ತೆರೆದುಕೊಂಡು ಓಡಿ ಬರುತ್ತಿರುವ ಮನುಷ್ಯ. ಎರಡೂ ಕಡೆ ಬಾಗಿಲು ತೆರೆಯತೊಡಗಿದವು. ಯಾರದೋ ಕೈಯಿಂದ ಕೊಡ ಬಿದ್ದ ಸಪ್ಪಳ ಕೇಳಿತು. "ಯಾರು? ಯಾರು ಯಪ್ಪಾ?" ಅಂತ ಒಬ್ಬಳು ಅಂದಳು. ನಾನು ನಿಲ್ಲಲಿಲ್ಲ.

ಚಿಗವ್ವ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಗೆ ಜೋಳದ ಹಿಟ್ಟು. ನನ್ನನ್ನು ನೋಡಿದಳು. ಬಂದವನು ನಾನೇ ಅಂತ ತಿಳಿಯಿತು ಅವಳಿಗೆ. ಅವಳ ಮಗ ಕೆಳಗೆ ಖಣಿಯಲ್ಲಿದ್ದ, ಅವಳೇ ಸಾಕಿದ ನಾನು ಖಣಿಯ ಕಡೆಯಿಂದ ಓಡಿ ಬರುತ್ತಿದ್ದೆ. ರೇಸಿನ ಮಾತು ಅವಳ ತಲೆಯಲ್ಲಿ ಆ ಗಳಿಗೆ ಎಲ್ಲಿರಬೇಕು? ನಾನೂ ಅವಳನ್ನು ನೋಡಿದೆ. ಕಾಣಲಿಲ್ಲ ಅಂತ ಸುಳ್ಳು ಬರೆಯಬಹುದು, ಇಪ್ಪತ್ತು ವರ್ಷದ ನಂತರ ಯಾರು ಕೇಳುತ್ತಾರೆ? ಆದರೆ ನೋಡಿದೆ. ನೋಡಿ, ಅವಳ ಮುಂದೆಯೇ ದಾಟಿ ಓಡಿದೆ.

ಆಮೇಲೆ ಹಿಂದಿನಿಂದ ಅವಳ ದನಿ ಬಂತು. ಜೋರಾಗಿಲ್ಲ. "ಯಾರು?"

ಒಂಬತ್ತು ವರ್ಷದವನಿದ್ದಾಗ ಕೇಳಿದ ದನಿ ಅದು. ನನ್ನ ಕಾಲು ನಿಂತವು. ನಾನು ನಿಲ್ಲಿಸಿದೆ ಅಂತ ಹೆಚ್ಚುಗಾರಿಕೆ ಹೇಳಿಕೊಳ್ಳಲಾರೆ.

ತಿರುಗಿದೆ. ಚಿಗವ್ವ ಹೊಸ್ತಿಲ ಮೇಲೆ ಕುಸಿದಿದ್ದಳು. ಹೇಳೋಣವೆಂದರೆ ಈಗಲೂ ದನಿ ಹೊರಡದು. ಏದುಸಿರು ಬಿಡುತ್ತ, ಮಾತಾಡದೆ ನಿಂತವನನ್ನು ಕಂಡು ಹೆಂಗಸರಿಗೆ ಇನ್ನೇನು ಸಂಶಯ ಉಳಿದೀತು? ಹತ್ತು ಹನ್ನೆರಡು ಮಂದಿ ಆಗಲೇ ಸೆರಗು ಸುತ್ತಿಕೊಂಡು ಖಣಿಯ ಕಡೆಗೆ ಓಡತೊಡಗಿದ್ದರು. ಒಬ್ಬಳು ಎದೆ ಬಡಿದುಕೊಳ್ಳುತ್ತಿದ್ದಳು. ಎದುರಿಗೆ ಬಂದ ಮಹಬೂಬ ಗಾಬರಿಯಾಗಿ ನಿಂತ. "ಕ್ಯಾ ಹುವಾ ಭಾಯಿ? ಖಣ್ಯಾಗ ಏನರ ಆತೇನು?" ಅಂದ. ನಾನು ತಲೆ ಅಲ್ಲಾಡಿಸುವುದರೊಳಗೆ "ಯಾ ಅಲ್ಲಾ!" ಅಂದು ಅವರ ಜೊತೆ ಅವನೂ ತಿರುಗಿ ಓಡಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ ಅವನದು. ಹಾಗಂತ ನಗುವುದಾದರೂ ಹೇಗೆ, ರೇಸು ಬಿಟ್ಟು ಓಡಿದವನು ಅವನು.

ನಾನು ಚಿಗವ್ವನ ಮುಂದೆ ಬಂದು ನೆಲಕ್ಕೆ ಕುಳಿತೆ. ಮೂರು ನಾಲ್ಕು ಸಲ ಬಾಯಿ ತೆರೆದ ಮೇಲೆ "ಖೈರ್... ಖೈರ್..." ಅಂತ ಬಂತು.

"ಬಸ್ಯಾ?" ಅಂದಳು.

"ಅವಗೇನೂ ಆಗಿಲ್ಲ ಚಿಗವ್ವಾ. ಯಾರಿಗೂ ಏನೂ ಆಗಿಲ್ಲ. ರೇಸು ಇದು, ರೇಸು."

"ರೇಸು," ಅಂದಳು. ಎದ್ದಳು. ನನ್ನ ಮಾತನ್ನು ನಂಬಿದಳೋ ಇಲ್ಲವೋ, ಹಿಟ್ಟಿನ ಕೈಯಲ್ಲೇ ಖಣಿಯ ಕಡೆಗೆ ನಡೆದುಬಿಟ್ಟಳು. ನಾನೂ ಅವಳ ಹಿಂದೆ ಹೋದೆ.

ಅತ್ತ ಹೆಂಗಸರು ಕೂಗುತ್ತ ಓಡಿ ಬರುವುದನ್ನು ಕಂಡು ಖಣಿಯ ಗಂಡಸರು, ಓಣಿಗೆ ಬೆಂಕಿ ಬಿದ್ದಿದೆ ಅಂತ ಹಾರೆ ಬಿಟ್ಟು ಮೇಲಕ್ಕೆ ಓಡಿ ಬಂದಿದ್ದರು. ನಡುದಾರಿಯಲ್ಲಿ ಇವರು "ಯಾರು?" ಅಂದರೆ ಅವರು "ಯಾರ ಮನಿ?" ಅಂದರು. ಎಲ್ಲರೂ ಎಲ್ಲರನ್ನೂ ಎಣಿಸಿಕೊಂಡರು. ಒಬ್ಬಳಂತೂ ಗಂಡ ಗಟ್ಟಿಮುಟ್ಟಾಗಿ ನಿಂತದ್ದು ಕಂಡು, "ಇಲ್ಲೇ ಇದ್ದೇನು ನಮ್ಮಪ್ಪಾ!" ಅಂತ ಎರಡೂ ಕೈಯಿಂದ ಅವನ ಬೆನ್ನಿಗೆ ಗುದ್ದಿದಳು. ಅವನು ಪಾಪ, ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಸುಮ್ಮನೆ ಗುದ್ದಿಸಿಕೊಂಡ. ಬಸಣ್ಣ ಮೈಯೆಲ್ಲ ಕಲ್ಲಿನ ಪುಡಿಯಾಗಿ ಬಂದ. ಚಿಗವ್ವ ಅವನನ್ನು ತಬ್ಬಿಕೊಳ್ಳಲಿಲ್ಲ. ಎಡ ತೋಳು ಮುಟ್ಟಿದಳು, ಬಲ ತೋಳು ಮುಟ್ಟಿದಳು, ತಲೆ ಮುಟ್ಟಿದಳು. ಅವನ ಮೈಮೇಲೆ ಹಿಟ್ಟಿನ ಬೆರಳು ಮೂಡಿದವು.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಆ ಬೈಗುಳಗಳನ್ನು ಇಲ್ಲಿ ಬರೆಯಲಾರೆ, ಪಕ್ಕದ ಮನೆಯ ಮಾಸ್ತರರ ಮಕ್ಕಳೂ ಓದಿಯಾರು. ನನ್ನ ಹೆಣ ಎಷ್ಟು ಸಲ ಎತ್ತಿದರೋ ಲೆಕ್ಕವಿಲ್ಲ. ಒಂದು ಮಾತೂ ಸುಳ್ಳಾಗಿರಲಿಲ್ಲ, ನಿಂತು ಕೇಳಿದೆ.

ಮಹಬೂಬ ಮೆಲ್ಲಗೆ ರಟ್ಟೆ ಹಿಡಿದ. "ಮಲ್ಲು, ಇನ್ನಾ ಯಾರೂ ಬಂದಿಲ್ಲ. ಸಾಲಿ ಇಲ್ಲೇ ಅದ. ನೀ ಮುಂದ ಓಡು, ನಾ ಹಿಂದ ಬರ್ತೀನಿ. ನೀನೇ ಫಸ್ಟು. ನಡಿ." ನಿಜ ಹೇಳುತ್ತೇನೆ, ಅಷ್ಟು ಆದ ಮೇಲೂ ನನ್ನ ಕಾಲು ತುಡಿದವು. ಕಡೀತನ ಮಾಡಿ ಬಾ ಅಂದಿದ್ದಳಲ್ಲ ಚಿಗವ್ವ? ಅವಳ ಮುಖ ನೋಡಿದೆ. ಬಸಣ್ಣನ ಹಣೆಯ ಪುಡಿ ಒರೆಸುತ್ತಿದ್ದಳು.

ಓಣಿಯಲ್ಲಿ ಎದ್ದು ಓಡಲಾರದವರು ಉಳಿದಿದ್ದರು. ಕಣ್ಣು ಕಾಣದ ಮುದುಕಿಯರು, ತುಂಬಿದ ಬಸುರಿ ಒಬ್ಬಳು, ಹಾಸಿಗೆ ಹಿಡಿದವರು. ಎಲ್ಲರೂ ಖಣಿಗೆ ಓಡಿದ ಮೇಲೆ ಅವರಿಗೆ ಹೇಳುವವರು ಯಾರೂ ಇರಲಿಲ್ಲ. ನಾನು ಅತ್ತ ನಡೆದೆ. ಮಹಬೂಬ ಒಂದು ಸಾಲು, ನಾನು ಒಂದು ಸಾಲು, ಬಾಗಿಲು ಬಾಗಿಲಿಗೂ ನಿಂತು "ಖೈರ್ ಅದ ಯವ್ವಾ, ಖೈರ್ ಅದ," ಅನ್ನುತ್ತ ಹೋದೆವು. ಒಬ್ಬ ಮುದುಕಿ ನನ್ನ ಕೈ ಬಿಡಲೇ ಇಲ್ಲ, ಮೊಮ್ಮಗನ ಹೆಸರು ಹಿಡಿದು ಅವನು ಬದುಕಿದ್ದಾನೆ ಅಂತ ಮೂರು ಸಲ ಹೇಳಿಸಿಕೊಂಡಳು. ಅಷ್ಟರಲ್ಲಿ ಡ್ರಿಲ್ ಮಾಸ್ತರರು ಚಾ ಕುಡಿದ ಉತ್ಸಾಹದಲ್ಲಿ ಓಣಿಯೊಳಗೆ ಬಂದರು. ಬಿರುಸಾಗಿ ನಡೆಯುತ್ತಿದ್ದರು ಅಷ್ಟೇ, ಓಡುತ್ತಿರಲಿಲ್ಲ. ನಮ್ಮನ್ನು ನೋಡಿ, "ಏನ್ರೋ, ಮುಗೀತೇನು?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದರು. ಉಳಿದವರು ಇನ್ನೂ ಗೇಟಿನ ಕಟ್ಟೆಯ ಮೇಲೆ ಚಾ ಕುಡಿಯುತ್ತಿದ್ದರಂತೆ, ಹೀಗಾಗಿ ಗೆದ್ದವರು ಮಾಸ್ತರರೇ. ಬಹುಮಾನದ ಗೋಡೆ ಗಡಿಯಾರ ಅವರ ಮನೆಯಲ್ಲಿ ಬಹಳ ವರ್ಷ ಟಿಕ್ ಟಿಕ್ ಅಂತಿತ್ತು.

ನಾನು ಆ ರೇಸು ಮುಗಿಸಲಿಲ್ಲ. ಸಾಹೇಬರ ಹತ್ತಿರ ಹೋಗಿ, ಗೆರೆ ಎಳೆದ ದಿನವೇ ನನಗೆ ಗೊತ್ತಿತ್ತು ಅಂತ ಒಪ್ಪಿಕೊಂಡೆ. ಅವರು ನಕ್ಷೆ ಮಡಚಿ ಒಳಗಿಟ್ಟರು. ಸಂಜೆ ತಾವೇ ಓಣಿಗೆ ಬಂದು ಹಿರಿಯರ ಮುಂದೆ ಕೈ ಮುಗಿದು ಹೋದರು. ನನ್ನ ತಪ್ಪಿಗೆ ಅವರು ಕೈ ಮುಗಿಯುವುದನ್ನು ಗೋಡೆಯ ಮರೆಯಿಂದ ನೋಡಿದೆ.

ಅವತ್ತು ದೀಪ ಹಚ್ಚುವ ಹೊತ್ತಿಗೆ ಚಿಗವ್ವ ನನಗೂ ಬಸಣ್ಣನಿಗೂ ತಾಟು ಇಟ್ಟಳು. ಬಸಣ್ಣ ಉಂಡು ಕೈ ತೊಳೆಯಲು ಹೊರಗೆ ಹೋದ. ನನಗೆ ಸುಮ್ಮನಿರಲಿಕ್ಕಾಗಲಿಲ್ಲ. "ಚಿಗವ್ವಾ, ನಾ ನಿಂತೆ. ನೀ ಕೇಳಿದ ಕೂಡ್ಲೆ ನಿಂತೆ," ಅಂದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನನ್ನ ದಾಟಿ ಎಷ್ಟ ಹೆಜ್ಜಿ ಓಡಿದಿ, ಗೊತ್ತದೇನು?"

"ಇಲ್ಲ."

"ನನಗ ಗೊತ್ತದ. ಮೂವತ್ತೆರಡು," ಅಂದಳು. ತಿರುಗಿ ನನ್ನ ಮುಖ ನೋಡಿದಳು. "ಮೂವತ್ತೆರಡು ಹೆಜ್ಜಿ ತನಕ ಬಸ್ಯಾ ನನಗ ಇದ್ದಿಲ್ಲ."